ಹಿಡಿದ ಬ್ರೇಕು ಬಿಡಬೇಕು

ಬ್ರೇಕಿನ ಪಾಠವನ್ನು ನಾವು ಸಾಮಾನ್ಯವಾಗಿ ಘರ್ಷಣೆಯಿಂದ ಆರಂಭಿಸಿ ಪಾಸ್ಕಲ್ ನಿಯಮದಲ್ಲಿ ಮುಗಿಸುತ್ತೇವೆ. ಪೆಡಲ್ ಒತ್ತಿದರೆ ಚಕ್ರ ನಿಲ್ಲುವುದು ಹೇಗೆಂದು ವಿದ್ಯಾರ್ಥಿಗೆ ತಿಳಿಯುತ್ತದೆ. ಆದರೆ ಕಾಲು ತೆಗೆದಾಗ ಚಕ್ರ ಮತ್ತೆ ಸರಾಗವಾಗಿ ತಿರುಗುವುದು ಹೇಗೆ? ಡಿಸ್ಕ್ ಬ್ರೇಕಿನ ಇತಿಹಾಸದಲ್ಲಿ ಈ ಪ್ರಶ್ನೆಯೂ ಹಿಡಿತದಷ್ಟೇ ಮುಖ್ಯವಾಗಿದೆ.

1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ಚಕ್ರದೊಂದಿಗೆ ತಿರುಗುವ ಲೋಹದ ತಟ್ಟೆಯನ್ನು ಇಕ್ಕಳದಂತೆ ಎರಡೂ ಬದಿಯಿಂದ ಹಿಡಿಯುವ ಏರ್ಪಾಡು ಅದು. ಲೋಹಕ್ಕೆ ಲೋಹ ಉಜ್ಜಿ ಕರ್ಕಶ ಶಬ್ದ ಬರುತ್ತಿತ್ತು; ಸವೆತವೂ ಹೆಚ್ಚು. ಮುಂದಿನ ಅರ್ಧ ಶತಮಾನ ಕಾರುಗಳಲ್ಲಿ ಡ್ರಮ್ ಬ್ರೇಕೇ ಉಳಿಯಿತು. 1920ರ ದಶಕದಲ್ಲಿ ದ್ರವದ ಒತ್ತಡ ಬಳಸುವ ಬ್ರೇಕು ಬಂದಾಗಲೂ ಅದು ತಳ್ಳಿದ್ದು ಡ್ರಮ್ಮಿನೊಳಗಿನ ಶೂಗಳನ್ನೇ. ಅಲ್ಲಿ ಬಿಡಿಸುವ ಕೆಲಸ ಸುಲಭ: ಗಟ್ಟಿ ಸ್ಪ್ರಿಂಗುಗಳು ಶೂಗಳನ್ನು ಹಿಂದಕ್ಕೆಳೆಯುತ್ತವೆ.

ಅಮೆರಿಕದ ಕ್ರಾಸ್ಲಿ ಎಂಬ ಪುಟ್ಟ ಕಾರು 1949ರಲ್ಲಿ ಡಿಸ್ಕ್ ಬ್ರೇಕ್ ಅಳವಡಿಸಿಕೊಂಡಿತು. ವಿಮಾನದ ಬ್ರೇಕಿನಿಂದ ಬಂದ ಮಾದರಿ ಅದು. ಆದರೆ ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಉಪ್ಪುನೀರು ಮತ್ತು ಕೆಸರಿನಿಂದ ಕ್ಯಾಲಿಪರಿನ ಲೋಹ ಕೊರೆದು ಬ್ರೇಕು ಕಚ್ಚಿಕೊಳ್ಳತೊಡಗಿತು. 1950ರಲ್ಲೇ ಕಂಪೆನಿ ಡ್ರಮ್ಮಿಗೆ ಮರಳಿತು. ಈ ಬ್ರೇಕು ಸೋತದ್ದು ಹಿಡಿಯುವುದರಲ್ಲಿ ಅಲ್ಲ, ಬಿಡುವುದರಲ್ಲಿ.

1953ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಸ್ಪರ್ಧೆಯನ್ನು ಡನ್ಲಪ್ ಡಿಸ್ಕ್ ಬ್ರೇಕುಗಳಿದ್ದ ಜಾಗ್ವಾರ್ ಸಿ-ಟೈಪ್ ಗೆದ್ದಿತು. 1955ರಲ್ಲಿ ಸಿಟ್ರೊಯೆನ್ ಡಿಎಸ್ ಕಾರಿನ ಮುಂಚಕ್ರಗಳ ಮೂಲಕ ಡಿಸ್ಕ್ ಬ್ರೇಕು ಜನಬಳಕೆಗೆ ಬಂತು.

ಇಂದಿನ ಕ್ಯಾಲಿಪರಿನಲ್ಲಿ ಪಿಸ್ಟನ್ನನ್ನು ಹಿಂದಕ್ಕೆಳೆಯುವುದು ಯಾವುದು? ಅದರ ಸುತ್ತ ಕೂತಿರುವ ಚೌಕ ಅಡ್ಡಕೊಯ್ತದ ರಬ್ಬರ್ ಸೀಲ್! ಪಿಸ್ಟನ್ ಮುಂದೆ ಸರಿದಾಗ ಸೀಲ್ ಸ್ವಲ್ಪ ಬಾಗುತ್ತದೆ. ಒತ್ತಡ ಇಳಿದೊಡನೆ ತನ್ನ ಸ್ಥಿತಿಸ್ಥಾಪಕತೆಯಿಂದ ಮೊದಲಿನ ಆಕಾರಕ್ಕೆ ಮರಳಿ, ಪಿಸ್ಟನ್ನನ್ನು ಮಿಲಿಮೀಟರಿನ ಸಣ್ಣ ಭಾಗದಷ್ಟು ಹಿಂದಕ್ಕೊಯ್ಯುತ್ತದೆ. ತುಕ್ಕು, ಧೂಳು, ಮುಪ್ಪಾದ ರಬ್ಬರು, ಇವುಗಳಲ್ಲಿ ಒಂದಿದ್ದರೂ ಸಾಕು, ಈ ಪುಟ್ಟ ಚಲನೆ ನಿಂತು ಬ್ರೇಕು ಜಾಮ್ ಆಗುತ್ತದೆ.

ಅದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಒಂದು ಚಕ್ರದಲ್ಲಿ ಕೇವಲ 100 ನ್ಯೂಟನ್ ಎಳೆತ ಉಳಿದಿದೆ, ಕಾರು ಸೆಕೆಂಡಿಗೆ 20 ಮೀಟರ್ (ಗಂಟೆಗೆ 72 ಕಿಮೀ) ವೇಗದಲ್ಲಿದೆ ಎನ್ನೋಣ. ಆ ಒಂದೇ ಬ್ರೇಕಿನಲ್ಲಿ 2,000 ವಾಟ್ ಉಷ್ಣ ಎಡೆಬಿಡದೆ ಹುಟ್ಟುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್-3 ಮಾನಕದ ಪ್ರಕಾರ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ್ದಕ್ಕೆ 140 ಡಿಗ್ರಿ ಇದ್ದರೂ ಸಾಕು. ಆಯಿಲ್ ಕುದಿದು ಆವಿಯ ಗುಳ್ಳೆಗಳೆದ್ದರೆ, ಒತ್ತಿದ ಬಲವೆಲ್ಲ ಗುಳ್ಳೆಗಳನ್ನು ಕುಗ್ಗಿಸುವುದಕ್ಕೇ ಹೋಗಿ ಪೆಡಲ್ ಕುಸಿಯುತ್ತದೆ. ಬಿಡದ ಬ್ರೇಕು ಹೀಗೆ ಹಿಡಿಯದ ಬ್ರೇಕಾಗುತ್ತದೆ. ಘಟ್ಟದ ಇಳಿಜಾರಿನಲ್ಲಿ ಇದು ಪ್ರಾಣಕ್ಕೇ ಅಪಾಯ.

ಪತ್ತೆ ಮಾಡುವ ಬಗೆಯೂ ಒಳ್ಳೆಯ ಭೌತವಿಜ್ಞಾನವೇ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಹೆಚ್ಚು ಬಿಸಿಯಾಗಿದೆಯೇ? ಕೈಯನ್ನು ಹತ್ತಿರ ತಂದರೆ ಸಾಕು, ಮುಟ್ಟಬೇಡಿ. ಕಾರು ಒಂದು ಬದಿಗೆ ಎಳೆಯುತ್ತದೆಯೇ? ಸುಟ್ಟ ವಾಸನೆ ಇದೆಯೇ? ಇದ್ದರೆ ಮೆಕ್ಯಾನಿಕ್ ಉಳಿದ ಚಕ್ರಗಳಿಗೆ ಅಡ್ಡಕಟ್ಟೆ ಇಟ್ಟು, ಜಾಕ್ ಏರಿಸಿ, ಚಕ್ರ ಬಿಗಿಯಾಗಿರುವಾಗಲೇ ಬ್ಲೀಡರ್ ಸ್ಕ್ರೂವನ್ನು ಸಡಿಲಿಸುತ್ತಾರೆ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು ಎಂದರ್ಥ. ದೋಷ ಹೋಸ್ ಪೈಪಿನಲ್ಲೋ ಮಾಸ್ಟರ್ ಸಿಲಿಂಡರಿನಲ್ಲೋ ಇರಬೇಕು. ಚಕ್ರ ಬಿಗಿಯಾಗಿಯೇ ಉಳಿದರೆ ಪಿಸ್ಟನ್ನೋ ಕ್ಯಾಲಿಪರ್ ಜಾರುವ ಪಿನ್ನೋ ಕಚ್ಚಿಕೊಂಡಿದೆ. ಪಿನ್ ಕಚ್ಚಿಕೊಂಡಿದ್ದರೆ ಸಾಮಾನ್ಯವಾಗಿ ಪಿಸ್ಟನ್ ಬದಿಯ ಪ್ಯಾಡ್ ಹೆಚ್ಚು ಸವೆದಿರುತ್ತದೆ.

ಒಂದೇ ಅಂಶವನ್ನು ಬದಲಿಸಿ ಫಲಿತಾಂಶ ನೋಡುವುದು ಪ್ರಯೋಗದ ಮೂಲಪಾಠ. ಮುಂದಿನ ಸಲ ಪಾಸ್ಕಲ್ ನಿಯಮ ಕಲಿಸುವಾಗ ಆ ರಬ್ಬರ್ ಸೀಲಿನ ಚಿತ್ರವನ್ನೂ ಕಪ್ಪುಹಲಗೆಯ ಮೇಲೆ ಬರೆಯಿರಿ.