ಶಾಲಾ ಪರೀಕ್ಷೆಗೆ ಕಾಲೇಜು ಕ್ರೆಡಿಟ್: ವಸಂತ್ ಕುಂಜ್ ಮತ್ತು ದೆಹಲಿ

ವಿದ್ಯಾರ್ಥಿ ಶಾಲೆಯಲ್ಲಿರುವಾಗಲೇ ಬರೆದ ಬಾಹ್ಯ ಪರೀಕ್ಷೆಯ ಅಂಕಗಳನ್ನು ಒಪ್ಪಿ, ಪದವಿಗೆ ಬೇಕಾದ ಕ್ರೆಡಿಟ್‌ಗಳಲ್ಲಿ ಒಂದು ಭಾಗವನ್ನು ವಿಶ್ವವಿದ್ಯಾಲಯ ಮೊದಲೇ ಅವನ ಲೆಕ್ಕಕ್ಕೆ ಜಮೆ ಮಾಡುವ ಪದ್ಧತಿ. ಇದರ ಪ್ರಸಿದ್ಧ ರೂಪ ಅಮೆರಿಕದ ಕಾಲೇಜ್ ಬೋರ್ಡ್ ನಡೆಸುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ರೂಢಿಯಲ್ಲಿ ಎಪಿ. ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್‌ನ (ಐಬಿ) ಹೈಯರ್ ಲೆವೆಲ್ ವಿಷಯಗಳಿಗೂ ಬ್ರಿಟಿಷ್ ಮಾದರಿಯ ಎ-ಲೆವೆಲ್‌ಗೂ ಇಂಥ ಮನ್ನಣೆ ಸಿಗುವುದುಂಟು. ಸಿಗುವ ಲಾಭ ಎಲ್ಲೆಡೆ ಒಂದೇ ಅಲ್ಲ. ಕೆಲವು ವಿಶ್ವವಿದ್ಯಾಲಯಗಳು ಪದವಿಯ ಮೊತ್ತಕ್ಕೆ ಸೇರುವ ಕ್ರೆಡಿಟನ್ನೇ ಕೊಡುತ್ತವೆ. ಕೆಲವು ಆರಂಭದ ಪಾಠವನ್ನು ಬಿಟ್ಟು ಮುಂದಿನ ಪಾಠಕ್ಕೆ ಕೂರಲು ಬಿಡುತ್ತವೆ, ಆದರೆ ಒಟ್ಟು ಕ್ರೆಡಿಟ್ ಕಡಿಮೆ ಮಾಡುವುದಿಲ್ಲ. ಇನ್ನು ಕೆಲವು ಒಂದು ಕಡ್ಡಾಯ ವಿಷಯದಿಂದ ವಿನಾಯಿತಿ ಕೊಟ್ಟು ಸುಮ್ಮನಾಗುತ್ತವೆ. ಪೋಷಕರು ಈ ಮೂರನ್ನೂ ಒಂದೇ ಎಂದು ತಿಳಿಯುವುದು ಸಾಮಾನ್ಯ.

ವಸಂತ್ ಕುಂಜ್

ದೆಹಲಿ ಅಭಿವೃದ್ಧಿ ಪ್ರಾಧಿಕಾರ 1980ರ ದಶಕದಿಂದ ಬೆಳೆಸಿದ ಈ ಬಡಾವಣೆ ಮೆಹ್ರೌಲಿಗೂ ವಿಮಾನ ನಿಲ್ದಾಣಕ್ಕೂ ನಡುವೆ, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಮಗ್ಗುಲಲ್ಲಿದೆ. ವಸಂತ್ ವ್ಯಾಲಿ ಶಾಲೆ (1990), ದೆಹಲಿ ಪಬ್ಲಿಕ್ ಸ್ಕೂಲ್ (1991) ಮೊದಲಾದ ಇಲ್ಲಿನ ಹೆಸರಾಂತ ಶಾಲೆಗಳು ಸಿಬಿಎಸ್‌ಇ ಪಠ್ಯಕ್ರಮದವು. ಎಪಿ, ಐಬಿ ಎರಡನ್ನೂ ಬೋಧಿಸುವ ಅಮೆರಿಕನ್ ಎಂಬಸಿ ಶಾಲೆ ಇರುವುದು ಚಾಣಕ್ಯಪುರಿಯಲ್ಲಿ; ಐಬಿಗೆ ಗುರುಗ್ರಾಮದ ಕಡೆಗೆ ಹೋಗುವವರೂ ಇದ್ದಾರೆ. ವಿದೇಶದ ಮೇಲೆ ಕಣ್ಣಿಟ್ಟ ವಸಂತ್ ಕುಂಜ್‌ನ ಸಿಬಿಎಸ್‌ಇ ವಿದ್ಯಾರ್ಥಿಗೆ ಎಪಿ ಅನುಕೂಲವಾಗುವುದಕ್ಕೆ ಕಾರಣ, ಅದಕ್ಕೆ ಶಾಲೆ ಬದಲಿಸಬೇಕಿಲ್ಲ. ಸ್ವಂತವಾಗಿ ಓದಿ ಅಧಿಕೃತ ಕೇಂದ್ರವೊಂದರಲ್ಲಿ ಹೆಸರು ನೋಂದಾಯಿಸಿದರಾಯಿತು. ಪರೀಕ್ಷೆ ಮೇ ತಿಂಗಳಲ್ಲಿ, ಅಂದರೆ ಬೋರ್ಡ್ ಪರೀಕ್ಷೆಯ ಬೆನ್ನಿಗೇ ಬರುತ್ತದೆ. ಅಂಕ 1ರಿಂದ 5. ಅಮೆರಿಕದ ಅನೇಕ ಸರ್ಕಾರಿ ವಿಶ್ವವಿದ್ಯಾಲಯಗಳು 3ಕ್ಕೇ ಕ್ರೆಡಿಟ್ ಕೊಡುತ್ತವೆ. ಪೈಪೋಟಿ ಹೆಚ್ಚಿರುವ ಕಡೆ 4 ಅಥವಾ 5 ಬೇಕು.

ಪಠ್ಯದ ಹೊಂದಾಣಿಕೆ

ಸಿಬಿಎಸ್‌ಇ ಓದಿದವರಿಗೆ ಎಪಿ ಸಲೀಸು ಎಂಬ ಮಾತು ಅರ್ಧ ನಿಜ. ಹನ್ನೆರಡನೆಯ ತರಗತಿಯ ಗಣಿತದಲ್ಲಿ ಅವಕಲನ, ಅನುಕಲನ, ಅವಕಲ ಸಮೀಕರಣಗಳು ಇವೆ. ಎಪಿ ಕ್ಯಾಲ್ಕುಲಸ್‌ನ ಮೊದಲ ಪತ್ರಿಕೆಯಾದ ಎಬಿಗೆ ಇದು ಬಹುಮಟ್ಟಿಗೆ ಸಾಕು. ಬಿಸಿ ಪತ್ರಿಕೆಯಲ್ಲಿ ಅನಂತ ಶ್ರೇಢಿಗಳ ಅಭಿಸರಣ, ಟೇಲರ್ ಶ್ರೇಢಿ ಬರುತ್ತವೆ; ಇವು ಸಿಬಿಎಸ್‌ಇ ಪಠ್ಯದಲ್ಲಿಲ್ಲ. ಮಾತೃಕೆ, ನಿರ್ಧಾರಕ, ಸದಿಶ, ಮೂರು ಆಯಾಮದ ರೇಖಾಗಣಿತ ಎಂದು ಇಲ್ಲಿ ಬೆವರು ಸುರಿಸಿ ಕಲಿತದ್ದಕ್ಕೆ ಅಲ್ಲಿ ಅಂಕವೇ ಇಲ್ಲ. ಭೌತಶಾಸ್ತ್ರದ 'ಸಿ' ಹೆಸರಿನ ಎರಡು ಪತ್ರಿಕೆಗಳಲ್ಲಿ ಒಂದು ಬಲವಿಜ್ಞಾನಕ್ಕೆ, ಇನ್ನೊಂದು ವಿದ್ಯುತ್ ಮತ್ತು ಕಾಂತತೆಗೆ. ಮೊದಲನೆಯದು ನಮ್ಮ ಹನ್ನೊಂದನೆಯ ತರಗತಿಯ ವಸ್ತು, ಎರಡನೆಯದು ಹನ್ನೆರಡರದು. ಆದರೆ ಕಲನಶಾಸ್ತ್ರವನ್ನು ಅವು ಬಳಸಿಕೊಳ್ಳುವ ಆಳ ಬೇರೆ, ದ್ಯುತಿವಿಜ್ಞಾನ ಮತ್ತು ಆಧುನಿಕ ಭೌತಶಾಸ್ತ್ರ ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಅರ್ಥಶಾಸ್ತ್ರದಲ್ಲಿ ಸೂಕ್ಷ್ಮ, ಸಮಗ್ರ ಎರಡಕ್ಕೂ ಪ್ರತ್ಯೇಕ ಪರೀಕ್ಷೆಗಳಿವೆ; ಹನ್ನೆರಡರಲ್ಲಿ ಅರ್ಧ ಭಾಗ ಆವರಿಸುವ ಭಾರತೀಯ ಆರ್ಥಿಕ ಅಭಿವೃದ್ಧಿ ಎರಡಕ್ಕೂ ಹೊರಗು.

ಭಾಷೆಗಳ ವಿಷಯದಲ್ಲಿ ಕೊರತೆ ಎದ್ದು ಕಾಣುತ್ತದೆ. ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೀನಿ, ಜಪಾನಿ, ಲ್ಯಾಟಿನ್‌ಗಳಿಗೆ ಎಪಿ ಪರೀಕ್ಷೆಗಳಿವೆ. ಭಾರತದ ಯಾವ ಭಾಷೆಗೂ ಇಲ್ಲ. ಸಿಬಿಎಸ್‌ಇ ತನ್ನ ಭಾಷಾ ವಿಷಯಗಳಲ್ಲಿ ಕನ್ನಡವನ್ನು ಇಟ್ಟುಕೊಂಡಿದೆ. ದೆಹಲಿಯಲ್ಲಿದ್ದುಕೊಂಡು ಅದನ್ನು ಆಯ್ದು ಓದುವ ಮಗುವಿಗೆ ಆ ಶ್ರಮ ಎಪಿಯ ಲೆಕ್ಕದಲ್ಲಿ ಸೊನ್ನೆ.

ಎಪಿಯ ಹುಟ್ಟು

ಎರಡನೆಯ ಮಹಾಯುದ್ಧದ ನಂತರ, ಶಾಲೆಯ ಕೊನೆಯ ವರ್ಷ ಮತ್ತು ಕಾಲೇಜಿನ ಮೊದಲ ವರ್ಷ ಒಂದನ್ನೇ ಎರಡು ಸಲ ಹೇಳಿಕೊಡುತ್ತಿವೆ ಎಂಬ ದೂರು ಅಮೆರಿಕದಲ್ಲಿ ಎದ್ದಿತು. ಫೋರ್ಡ್ ಫೌಂಡೇಶನ್ ನೆರವಿನಿಂದ 1950ರ ದಶಕದ ಆರಂಭದಲ್ಲಿ ಪ್ರಯೋಗಗಳಾದವು. 1955-56ರಲ್ಲಿ ಕಾಲೇಜ್ ಬೋರ್ಡ್ ಹೊಣೆ ವಹಿಸಿಕೊಂಡಿತು. ಮೊದಲ ವರ್ಷ ಪರೀಕ್ಷೆಗೆ ಕುಳಿತವರು 104 ಶಾಲೆಗಳ 1,229 ವಿದ್ಯಾರ್ಥಿಗಳು.

ದೆಹಲಿಯಲ್ಲಿ ಶಾಲೆ–ಕಾಲೇಜಿನ ಗಡಿ

ಇದೇ ದೂರಿಗೆ ಭಾರತ ಕಂಡುಕೊಂಡ ಉತ್ತರ ಬೇರೆ. ದೆಹಲಿ ಅದನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡ ಊರುಗಳಲ್ಲಿ ಒಂದು. ಮೆಟ್ರಿಕ್ಯುಲೇಷನ್ ಆದ ಮೇಲೆ ಎರಡು ವರ್ಷದ ಇಂಟರ್‌ಮೀಡಿಯಟ್, ಆ ಮೇಲೆ ಎರಡು ವರ್ಷದ ಬಿ.ಎ. ಎಂಬುದು ವಸಾಹತು ಕಾಲದ ಸಾಮಾನ್ಯ ಕ್ರಮ. ಇಂಟರ್‌ಮೀಡಿಯಟ್ ವಿಶ್ವವಿದ್ಯಾಲಯದ ಪರೀಕ್ಷೆಯಾಗಿತ್ತು, ಕಾಲೇಜಿನಲ್ಲೇ ಓದಬೇಕಿತ್ತು. ಆದರೆ ಆ ಎರಡು ವರ್ಷಗಳ ಬೋಧನೆ ಶಾಲಾ ಮಟ್ಟದ್ದೇ ಎಂದು ಕಲ್ಕತ್ತಾ ವಿಶ್ವವಿದ್ಯಾಲಯ ಆಯೋಗ, ಅಂದರೆ ಸ್ಯಾಡ್ಲರ್ ಆಯೋಗ (1917-19), ತೀರ್ಮಾನಿಸಿತು. ವಿಶ್ವವಿದ್ಯಾಲಯದ ಪ್ರವೇಶ ಇಂಟರ್‌ಮೀಡಿಯಟ್ ನಂತರವೇ ಆಗಬೇಕು, ಪದವಿ ಮೂರು ವರ್ಷದ್ದಾಗಬೇಕು ಎಂದು ಅದು ಶಿಫಾರಸು ಮಾಡಿತು.

1922ರಲ್ಲಿ ಸ್ಥಾಪನೆಯಾದ ದೆಹಲಿ ವಿಶ್ವವಿದ್ಯಾಲಯ, ಸರ್ ಮಾರಿಸ್ ಗ್ವಯರ್ ಕುಲಪತಿಯಾಗಿದ್ದ ಕಾಲದಲ್ಲಿ, 1943ರಲ್ಲಿ ಇಂಟರ್‌ಮೀಡಿಯಟನ್ನು ಕೈಬಿಟ್ಟಿತು. ಅದರ ಎರಡು ವರ್ಷಗಳಲ್ಲಿ ಒಂದು ಶಾಲೆಗೆ ಸೇರಿ ಹನ್ನೊಂದು ವರ್ಷದ ಹೈಯರ್ ಸೆಕೆಂಡರಿಯಾಯಿತು. ಇನ್ನೊಂದು ಕಾಲೇಜಿನಲ್ಲೇ ಉಳಿದು ಪದವಿ ಮೂರು ವರ್ಷಕ್ಕೆ ಏರಿತು. ಅಲ್ಲಿಯವರೆಗೆ ವಿಶ್ವವಿದ್ಯಾಲಯ ಪರೀಕ್ಷಿಸುತ್ತಿದ್ದ ಒಂದು ವರ್ಷದ ಓದನ್ನು ಶಾಲೆಯ ಪರೀಕ್ಷೆಯೇ ನೋಡಿಕೊಳ್ಳಲಿ ಎಂದು ಒಪ್ಪಿದಂತಾಯಿತು. ಎಪಿ ಒಬ್ಬೊಬ್ಬ ವಿದ್ಯಾರ್ಥಿಗೆ ಮಾಡುವುದನ್ನು ದೆಹಲಿ, ಎಪಿಗೆ ಹನ್ನೆರಡು ವರ್ಷ ಮೊದಲೇ, ಒಂದು ಇಡೀ ತಲೆಮಾರಿಗೆ ಒಂದೇ ಆದೇಶದಲ್ಲಿ ಮಾಡಿತ್ತು ಎನ್ನಬಹುದು. ಮುದಲಿಯಾರ್ ಆಯೋಗ (1952-53) ಹೈಯರ್ ಸೆಕೆಂಡರಿ ಮಾದರಿಯನ್ನು ದೇಶಕ್ಕೇ ಸೂಚಿಸಿತು. ಆದರೆ ಅನೇಕ ವಿಶ್ವವಿದ್ಯಾಲಯಗಳು ಒಂದು ವರ್ಷದ ಪ್ರಿ-ಯೂನಿವರ್ಸಿಟಿಯನ್ನು ತಾವೇ ಇಟ್ಟುಕೊಂಡವು.

ಕೊಠಾರಿ ಆಯೋಗದ (1964-66) ಬೆನ್ನಿಗೆ ಬಂದ 10+2+3 ಕ್ರಮದಲ್ಲಿ ಗಡಿ ಮತ್ತೆ ಸರಿಯಿತು. ಸಿಬಿಎಸ್‌ಇ ಹೊಸ ಮಾದರಿಯ ಹತ್ತನೆಯ ತರಗತಿ ಪರೀಕ್ಷೆಯನ್ನು 1977ರಲ್ಲಿ, ಹನ್ನೆರಡನೆಯದನ್ನು 1979ರಲ್ಲಿ ಮೊದಲ ಬಾರಿಗೆ ನಡೆಸಿತು. ಹನ್ನೆರಡನೆಯ ವರ್ಷವೂ ದೆಹಲಿಯಲ್ಲಿ ಶಾಲೆಯ ಪಾಲಾಯಿತು. ಕರ್ನಾಟಕದಲ್ಲಿ ಅದೇ ಎರಡು ವರ್ಷಗಳು ಪಿಯು ಕಾಲೇಜಿನಲ್ಲಿ ನಡೆಯುತ್ತವೆ: ಮಂಡ್ಯದ ಹುಡುಗಿ ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ವಸಂತ್ ಕುಂಜ್‌ನ ಹುಡುಗಿ ಶಾಲೆಯ ಸಮವಸ್ತ್ರದಲ್ಲಿರುತ್ತಾಳೆ. ಇಬ್ಬರಿಗೂ ಪದವಿಯ ಕ್ರೆಡಿಟ್ ಇಲ್ಲ.

ಇಂದಿನ ನಿಯಮಗಳು

2023ರ ಏಪ್ರಿಲ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲಾ ಶಿಕ್ಷಣಕ್ಕೂ ಕ್ರೆಡಿಟ್ ಲೆಕ್ಕ ತಂದಿತು. ವರ್ಷಕ್ಕೆ 1,200 ಕಲಿಕೆಯ ಗಂಟೆ, 40 ಕ್ರೆಡಿಟ್. ಅಂದರೆ ಕ್ರೆಡಿಟ್ ಒಂದಕ್ಕೆ 30 ಗಂಟೆ. ವಸಂತ್ ಕುಂಜ್‌ನಿಂದ ದೂರವಲ್ಲದ ಮೈದಾನ್ ಗಢಿಯ ಇಗ್ನೋ ಮುಕ್ತ ವಿಶ್ವವಿದ್ಯಾಲಯ ಇದಕ್ಕೂ ಬಹಳ ಹಿಂದಿನಿಂದ 30 ಗಂಟೆಯ ಅಳತೆಯನ್ನೇ ಬಳಸುತ್ತ ಬಂದಿದೆ. ಶಾಲಾ ಕ್ರೆಡಿಟ್ ಎಂಬ ಮಾತು ಕೇಳಿದೊಡನೆ ಅದು ಕಾಲೇಜಿಗೆ ಸಾಗುತ್ತದೆಂದು ಭಾವಿಸಿದವರಿದ್ದಾರೆ. ಹಾಗಿಲ್ಲ. ಚೌಕಟ್ಟಿನಲ್ಲಿ ಹನ್ನೆರಡನೆಯ ತರಗತಿ 4ನೆಯ ಹಂತ, ಪದವಿಯ ಮೊದಲ ವರ್ಷ 4.5. ಶಾಲೆಯಲ್ಲಿ ಗಳಿಸಿದ್ದು ಮೇಲಿನ ಹಂತಕ್ಕೆ ಅರ್ಹತೆಯಾಗುತ್ತದೆಯೇ ಹೊರತು ಅಲ್ಲಿನ ಕ್ರೆಡಿಟಿಗೆ ಬದಲಿಯಾಗುವುದಿಲ್ಲ. ಯುಜಿಸಿಯ 2022ರ ಪಠ್ಯ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ ಕನಿಷ್ಠ 120, ನಾಲ್ಕು ವರ್ಷದ್ದಕ್ಕೆ 160 ಕ್ರೆಡಿಟನ್ನು ಪದವಿ ಹಂತದಲ್ಲೇ ಗಳಿಸಬೇಕು. ದೆಹಲಿ ವಿಶ್ವವಿದ್ಯಾಲಯದ ಪದವಿ ಪ್ರವೇಶ 2022ರಿಂದ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ ನಡೆಯುವುದರಿಂದ, ಬೋರ್ಡ್ ಅಂಕಗಳಿಗಿದ್ದ ತೂಕವೂ ಇಳಿದಿದೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ 1983ರಿಂದ ಐಬಿ ಡಿಪ್ಲೊಮಾವನ್ನು ಮನ್ನಿಸಿದೆ; ಅದೂ ಪ್ರವೇಶದ ಅರ್ಹತೆಯಾಗಿ ಮಾತ್ರ.

ಅಮೆರಿಕದ ಸೆಮಿಸ್ಟರ್ ಕ್ರೆಡಿಟ್ ಸುಮಾರು 45 ಗಂಟೆಯ ಕೆಲಸ: ವಾರಕ್ಕೆ ಒಂದು ಗಂಟೆ ತರಗತಿ, ಎರಡು ಗಂಟೆ ಓದು, ಹದಿನೈದು ವಾರ. ಅಲ್ಲಿನ ನಾಲ್ಕು ವರ್ಷದ ಪದವಿಗೂ ಇಲ್ಲಿನ ಮೂರು ವರ್ಷದ ಪದವಿಗೂ 120 ಎಂಬ ಅಂಕಿ ಹೊಂದುವುದು ಕಾಕತಾಳೀಯ. ಎರಡನ್ನೂ ಸಮ ಎಂದು ಹೋಲಿಸುವ ಸಲಹಾ ಕೈಪಿಡಿಗಳನ್ನು ನೆಚ್ಚಲಾಗದು.

ಯುರೋಪಿನಲ್ಲಿ ಬೇರೆ ಬಗೆಗಳಿವೆ. ಸ್ಕಾಟ್ಲೆಂಡಿನ ಕೆಲವು ವಿಶ್ವವಿದ್ಯಾಲಯಗಳು ಉತ್ತಮ ಎ-ಲೆವೆಲ್ ಇದ್ದವರನ್ನು ನಾಲ್ಕು ವರ್ಷದ ಪದವಿಯ ಎರಡನೆಯ ವರ್ಷಕ್ಕೇ ಸೇರಿಸಿಕೊಳ್ಳುತ್ತವೆ. ಜರ್ಮನಿಗೆ ಹೋಗುವ ಭಾರತೀಯ ವಿದ್ಯಾರ್ಥಿ ಸಾಮಾನ್ಯವಾಗಿ ಹನ್ನೆರಡರ ನಂತರ ಇಲ್ಲಿ ಒಂದು ವರ್ಷ ಪದವಿ ಓದಿರಬೇಕು ಅಥವಾ ಅಲ್ಲಿ ಪೂರ್ವಸಿದ್ಧತಾ ಕೋರ್ಸ್ ಮುಗಿಸಬೇಕು. ಜೆಇಇ ಅಡ್ವಾನ್ಸ್ಡ್ ಪಾಸಾದವರಿಗೆ ಸಂಬಂಧಿತ ವಿಷಯಗಳಲ್ಲಿ ನೇರ ಪ್ರವೇಶಕ್ಕೆ ಅವಕಾಶವಿದೆ.

ಆಕ್ಷೇಪಗಳು

ಪರೀಕ್ಷೆಯಲ್ಲಿ 5 ಬಂದರೆ ಕಾಲೇಜು ಮಟ್ಟದ ಕಲಿಕೆ ಆಯಿತೇ ಎಂಬುದು ಮುಖ್ಯ ಪ್ರಶ್ನೆ. ಡಾರ್ಟ್‌ಮತ್ ಕಾಲೇಜಿನ ಮನೋವಿಜ್ಞಾನ ವಿಭಾಗ 5 ಗಳಿಸಿದವರಿಗೆ ತನ್ನದೇ ಪರೀಕ್ಷೆ ಕೊಟ್ಟಾಗ ಬಹುಪಾಲು ಮಂದಿ ಅನುತ್ತೀರ್ಣರಾದರು. 2014ರಲ್ಲಿ ಸೇರಿದ ತಂಡದಿಂದ ಆ ಕಾಲೇಜು ಎಪಿಗೆ ಕ್ರೆಡಿಟ್ ಕೊಡುವುದನ್ನೇ ನಿಲ್ಲಿಸಿತು. ದೆಹಲಿಯ ಮಟ್ಟಿಗೆ ಶುಲ್ಕದ ಪ್ರಶ್ನೆಯೂ ಇದೆ: ಡಾಲರ್ ಲೆಕ್ಕದ ಪರೀಕ್ಷೆ ವಸಂತ್ ಕುಂಜ್‌ನ ಎಲ್ಲ ಮನೆಗಳಿಗೂ ಎಟುಕುವುದಿಲ್ಲ.

ಭಾರತದೊಳಗಿನ ಸಮೀಪದ ನಿದರ್ಶನ

ಶಾಲಾ ವಯಸ್ಸಿನ ಓದಿಗೆ ಪದವಿಯಲ್ಲಿ ನಿಜವಾದ ರಿಯಾಯಿತಿ ಸಿಗುವುದು ಎಂಜಿನಿಯರಿಂಗ್‌ನ ಲ್ಯಾಟರಲ್ ಎಂಟ್ರಿಯಲ್ಲಿ. ಎಸ್ಸೆಸ್ಸೆಲ್ಸಿ ನಂತರ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಬಿ.ಇ.ಯ ಎರಡನೆಯ ವರ್ಷಕ್ಕೆ ನೇರ ಸೇರಬಹುದು. ಕರ್ನಾಟಕದಲ್ಲಿ ಇದಕ್ಕೆಂದೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ನಡೆಸುತ್ತದೆ. ಸಾಧಾರಣ ಮನೆಯ ಮಕ್ಕಳೇ ಹೆಚ್ಚಾಗಿ ಹಿಡಿಯುವ ಈ ದಾರಿಯಲ್ಲಿ ಉಳಿಯುವುದು ಪದವಿಯ ಒಂದು ಪೂರ್ತಿ ವರ್ಷ. ಅಮೆರಿಕದ ಆಯ್ದ ವಿಶ್ವವಿದ್ಯಾಲಯಗಳಲ್ಲಿ ಎಪಿ ಬರೆದವರಿಗೆ ಅಷ್ಟು ಸಿಗುವುದು ಅಪರೂಪ.