ಗಾಡಿಯ ಹಿಂದೆಯೇ ಊರೂರು ತಿರುಗಿದವರು: ರೇಸ್ ಕಾರುಗಳ ಮೆಕ್ಯಾನಿಕ್‌ಗಳ ಚರಿತ್ರೆ

ನಮ್ಮ ಕಡೆ ಮದುವೆ ಮಾತುಕತೆಯಲ್ಲಿ ‘ಹುಡುಗನಿಗೆ ಏನು ಕೆಲಸ?’ ಎಂಬ ಪ್ರಶ್ನೆಗೆ ‘ಗಲ್ಫಿನಲ್ಲಿ ಮೆಕ್ಯಾನಿಕ್’ ಎಂದು ಹೇಳುವವರು ಕಡಿಮೆ. ‘ಆಟೋಮೊಬೈಲ್ ಕಂಪೆನಿಯಲ್ಲಿದ್ದಾನೆ’ ಎನ್ನುತ್ತಾರೆ. ಸುಳ್ಳೇನೂ ಅಲ್ಲ. ಆದರೆ ಸ್ಪ್ಯಾನರ್ ಹಿಡಿದ ಕೈಯನ್ನು ಆ ಮಾತಿನ ಹಿಂದೆ ಅಡಗಿಸುತ್ತೇವೆ. ಬ್ಯಾರಿ ಎಂಬ ಹೆಸರೇ ‘ಬ್ಯಾರ’ ಅಂದರೆ ವ್ಯಾಪಾರದಿಂದ ಬಂತೆಂದು ಹಿರಿಯರು ಹೇಳುವುದುಂಟು. ವ್ಯಾಪಾರಕ್ಕೆ ನಮ್ಮಲ್ಲಿ ಇರುವ ಮರ್ಯಾದೆ ಕೈಕೆಲಸಕ್ಕೆ ಅಷ್ಟಾಗಿ ಸಿಕ್ಕಿಲ್ಲ.

ನಾನು ಉಪ್ಪಳದ ದಿನಸಿ ಅಂಗಡಿಯವರ ಮಗ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಶಾರ್ಜಾಕ್ಕೆ ಹೋಗಿ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಎಂಟು ವರ್ಷ ದುಡಿದೆ. ಅಲ್ಲಿ ನನ್ನ ಕೆಲಸದ ಹೆಚ್ಚಿನ ಪಾಲು ಗ್ಯಾರೇಜಿನ ಹೊರಗೇ. ಕೆಟ್ಟ ಹಳೆಯ ಕಾರನ್ನು ಸುಲಭಕ್ಕೆ ಎಲ್ಲಿಗೂ ಒಯ್ಯಲಾಗುವುದಿಲ್ಲ. ಆದ್ದರಿಂದ ಪಿಕಪ್‌ನಲ್ಲಿ ಸಾಮಾನು ತುಂಬಿಕೊಂಡು ಮಾಲಕರ ಮನೆಗೇ ಹೋಗುತ್ತಿದ್ದೆವು. ಈ ತಿರುಗಾಟದ ಕಸುಬಿಗೆ ಒಂದು ಚರಿತ್ರೆ ಇದೆಯೇ ಎಂದು ಹುಡುಕಿದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೀಕಿಂಗಿನಿಂದ ಪ್ಯಾರಿಸಿಗೆ

1907ರ ಜನವರಿಯಲ್ಲಿ ಪ್ಯಾರಿಸಿನ ‘ಲ ಮತ್ಯಾಂ’ ಪತ್ರಿಕೆ ಒಂದು ಸವಾಲು ಹಾಕಿತು: ಪೀಕಿಂಗಿನಿಂದ ಪ್ಯಾರಿಸಿನವರೆಗೆ ಕಾರಿನಲ್ಲಿ ಬರುವವರು ಯಾರಾದರೂ ಇದ್ದಾರೆಯೇ? ಜೂನ್ 10ರಂದು ಐದು ಗಾಡಿಗಳು ಹೊರಟವು. ಗೆದ್ದದ್ದು ಇಟಲಿಯ ಕುಲೀನ ಮನೆತನದ ಶಿಪಿಯೋನೆ ಬೊರ್ಗೇಸೆ. ಅವರ ‘ಇಟಾಲಾ’ ಕಾರು ಸರಿಯಾಗಿ ಎರಡು ತಿಂಗಳಿಗೆ, ಆಗಸ್ಟ್ 10ರಂದು, ಪ್ಯಾರಿಸ್ ಮುಟ್ಟಿತು.

ಆ ಕಾರಿನಲ್ಲಿ ಮೂವರಿದ್ದರು. ಬೊರ್ಗೇಸೆ, ಪತ್ರಕರ್ತ ಲುಯಿಜಿ ಬಾರ್ಜಿನಿ, ಮೆಕ್ಯಾನಿಕ್ ಎತ್ತೊರೆ ಗುಯಿತ್ಸಾರ್ಡಿ. ಗುಯಿತ್ಸಾರ್ಡಿಯ ಕಥೆಯನ್ನು ಬಾರ್ಜಿನಿ ಬರೆದಿಟ್ಟಿದ್ದಾರೆ. ಅವನ ತಂದೆ ರೈಲು ಎಂಜಿನ್ ಓಡಿಸುವವರು. ಬೊರ್ಗೇಸೆ ಮನೆತನದ ಬಂಗಲೆಯ ಹತ್ತಿರ ರೈಲು ಅಪಘಾತವಾಗಿ ತಂದೆ ತೀರಿಹೋದರು, ಜೊತೆಗಿದ್ದ ಹುಡುಗ ಗಾಯಗೊಂಡ. ಅವನನ್ನು ಬಂಗಲೆಗೆ ತಂದು ಆರೈಕೆ ಮಾಡಿದರು. ಯಂತ್ರದ ಮೇಲೆ ಹುಡುಗನಿಗಿದ್ದ ಆಸೆ ಕಂಡು ಕೆಲಸ ಕಲಿಸಿದರು.

ದಾರಿ ಎಂಬುದೇ ಇಲ್ಲದ ಕಡೆಗಳಲ್ಲಿ ಆ ಕಾರು ಬಂತು. ಸೈಬೀರಿಯಾದಲ್ಲಿ ಮರದ ಸೇತುವೆ ಕುಸಿದು ಕಾರು ಕೆಳಗೆ ಬಿತ್ತು. ಕೆಲವು ಕಡೆ ರೈಲು ಹಳಿಯ ಮೇಲೆಯೇ ಓಡಿಸಬೇಕಾಯಿತು. ರಷ್ಯಾದಲ್ಲಿ ಮರದ ಅರಗಳ ಚಕ್ರ ಮುರಿದಾಗ ಹಳ್ಳಿಯ ಒಬ್ಬ ಬಡಗಿ ಕೊಡಲಿ ಹಿಡಿದು ಹೊಸ ಚಕ್ರ ಮಾಡಿಕೊಟ್ಟ. ಎತ್ತಿನ ಗಾಡಿಯ ಚಕ್ರ ಮಾಡುವ ನಮ್ಮ ಆಚಾರಿಗಳನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಕಾಣದು. ಇಟಾಲಾ ಕಾರು ಈಗ ಇಟಲಿಯ ಟ್ಯೂರಿನ್ ನಗರದ ಮೋಟಾರು ಮ್ಯೂಸಿಯಂನಲ್ಲಿದೆ. ಗೆದ್ದವರು ಯಾರು ಎಂದರೆ ಎಲ್ಲರೂ ಬೊರ್ಗೇಸೆ ಎನ್ನುತ್ತಾರೆ. ಪತ್ರಕರ್ತನೊಬ್ಬ ಜೊತೆಗಿದ್ದ ಕಾರಣ ಮೆಕ್ಯಾನಿಕನ ಹೆಸರಾದರೂ ಉಳಿಯಿತು. ಬಡಗಿಯ ಹೆಸರು ನನಗೆ ಸಿಕ್ಕಿಲ್ಲ.

ಪಕ್ಕದ ಸೀಟು

ಆ ಕಾಲದ ರೇಸುಗಳಲ್ಲಿ ಮೆಕ್ಯಾನಿಕನಿಗೆ ಕಾರಿನಲ್ಲೇ ಸೀಟು ಇತ್ತು. ಕೈಪಂಪು ಒತ್ತಿ ಪೆಟ್ರೋಲು ಮತ್ತು ಎಣ್ಣೆಯ ಒತ್ತಡ ಕಾಯುವುದು, ಟಯರಿನ ಮೇಲೆ ಕಣ್ಣಿಡುವುದು, ಹಿಂದಿನಿಂದ ಯಾರು ಬರುತ್ತಿದ್ದಾರೆ ಎಂದು ನೋಡಿ ಹೇಳುವುದು, ಕೆಟ್ಟು ನಿಂತರೆ ಇಳಿದು ಸರಿಮಾಡುವುದು. ಸ್ಟಿಯರಿಂಗ್ ಮಾತ್ರ ಅವನ ಕೈಯಲ್ಲಿ ಇರುತ್ತಿರಲಿಲ್ಲ.

1911ರ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮೊದಲ 500 ಮೈಲಿ ರೇಸು ನಡೆಯಿತು. ರೇ ಹರೂನ್ ಎಂಬವರು ಮೆಕ್ಯಾನಿಕ್ ಇಲ್ಲದೆ ಒಬ್ಬರೇ ಓಡಿಸಿದರು. ಹಿಂದೆ ನೋಡುವವರಿಲ್ಲದೆ ಅಪಾಯ ಎಂದು ಬೇರೆ ಸವಾರರು ತಕರಾರು ತೆಗೆದರು. ಹರೂನ್ ಎದುರಿಗೆ ಒಂದು ಕನ್ನಡಿ ಕಟ್ಟಿಕೊಂಡರು, ರೇಸನ್ನೂ ಗೆದ್ದರು. ಇಂದು ನಮ್ಮ ಆಟೋರಿಕ್ಷಾದಲ್ಲೂ ಇರುವ ಆ ಪುಟ್ಟ ಕನ್ನಡಿ ಅಂದು ಒಬ್ಬ ಮನುಷ್ಯನ ಕೆಲಸವನ್ನು ಮಾಡಿತ್ತು.

ಪಕ್ಕದ ಸೀಟು ಖಾಲಿಯಾದದ್ದರ ಹಿಂದೆ ಸಾವೂ ಇದೆ. 1903ರ ಪ್ಯಾರಿಸ್–ಮ್ಯಾಡ್ರಿಡ್ ರೇಸಿನಲ್ಲಿ ಸವಾರರು, ಮೆಕ್ಯಾನಿಕ್‌ಗಳು, ನೋಡಲು ನಿಂತ ಜನ ಎಲ್ಲರೂ ಸತ್ತರು. ಬೋರ್ಡೋದಲ್ಲೇ ರೇಸು ನಿಲ್ಲಿಸಬೇಕಾಯಿತು. 1924ರಲ್ಲಿ ಸ್ಪೇನಿನ ಸ್ಯಾನ್ ಸೆಬಾಸ್ಟಿಯನ್‌ನಲ್ಲಿ ಕೆನೆಲ್ಮ್ ಲೀ ಗಿನ್ನೆಸ್ ಅವರ ಸನ್‌ಬೀಮ್ ಕಾರು ಉರುಳಿತು. ಗಿನ್ನೆಸ್ ಗಾಯಗೊಂಡು ಬದುಕಿದರು. ಪಕ್ಕದಲ್ಲಿ ಕೂತಿದ್ದ ಮೆಕ್ಯಾನಿಕ್ ಟಾಮ್ ಬ್ಯಾರೆಟ್ ಸತ್ತರು. ಮುಂದಿನ ವರ್ಷ, 1925ರಿಂದ, ಗ್ರ್ಯಾನ್ ಪ್ರಿ ರೇಸುಗಳಲ್ಲಿ ಮೆಕ್ಯಾನಿಕ್ ಕೂರುವಂತಿಲ್ಲ ಎಂದು ನಿಯಮ ಬಂತು. ತಮಾಷೆಯೆಂದರೆ ಕಾರಿನಲ್ಲಿ ಎರಡನೆಯವನಿಗೆ ಜಾಗ ಇರಲೇಬೇಕು ಎಂಬ ನಿಯಮ ಇನ್ನೂ ಕೆಲಕಾಲ ಉಳಿಯಿತು. ಜಾಗ ಇತ್ತು, ಮನುಷ್ಯ ಇರಲಿಲ್ಲ.

ಲಾರಿಯಲ್ಲಿ ಬಂದ ಆಲ್ಫ್ ಫ್ರಾನ್ಸಿಸ್

ಕಾರಿನಿಂದ ಇಳಿದ ಮೆಕ್ಯಾನಿಕ್ ಲಾರಿ ಹತ್ತಿದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪಿನಲ್ಲಿ ಮತ್ತೆ ರೇಸುಗಳು ಶುರುವಾದವು. ಈ ವಾರ ಫ್ರಾನ್ಸ್, ಮುಂದಿನ ವಾರ ಇಟಲಿ, ಆಮೇಲೆ ಜರ್ಮನಿ. ಕಾರುಗಳನ್ನು ಲಾರಿಗೆ ಹೇರಿಕೊಂಡು ಗಡಿ ದಾಟಿ, ರಾತ್ರಿಯಿಡೀ ಎಂಜಿನ್ ಬಿಚ್ಚಿ ಜೋಡಿಸಿ, ರೇಸು ಮುಗಿದ ಕೂಡಲೇ ಮುಂದಿನ ಊರಿಗೆ ಹೊರಡುವುದು ಮೆಕ್ಯಾನಿಕ್‌ಗಳ ಬದುಕಾಯಿತು.

ಇಂಥವರಲ್ಲಿ ಹೆಸರು ಮಾಡಿದವರು ಆಲ್ಫ್ ಫ್ರಾನ್ಸಿಸ್. ಹುಟ್ಟು ಹೆಸರು ಅಲ್ಫೋನ್ಸ್ ಕೊವಲೆವ್‌ಸ್ಕಿ, ಪೋಲೆಂಡಿನವರು. ಯುದ್ಧಕಾಲದಲ್ಲಿ ಇಂಗ್ಲೆಂಡಿಗೆ ಬಂದು ಹೆಸರು ಬದಲಿಸಿಕೊಂಡು ಅಲ್ಲೇ ಉಳಿದರು. ಲಂಡನ್ ಬಳಿಯ ವಾಲ್ಟನ್‌ನಲ್ಲಿ ಜಾರ್ಜ್ ಅಬೆಕಾಸಿಸ್ ಮತ್ತು ಜಾನ್ ಹೀತ್ ನಡೆಸುತ್ತಿದ್ದ ‘ಎಚ್‌ಡಬ್ಲ್ಯುಎಂ’ ಎಂಬ ಸಣ್ಣ ರೇಸಿಂಗ್ ತಂಡಕ್ಕೆ ಮೆಕ್ಯಾನಿಕ್ ಆದರು. ಆ ತಂಡಕ್ಕೆ ದೊಡ್ಡ ಬಂಡವಾಳ ಇರಲಿಲ್ಲ. ರೇಸಿಗೆ ಬಂದದ್ದಕ್ಕೆ ಸಂಘಟಕರು ಕೊಡುವ ಹಣದಲ್ಲೇ ಮುಂದಿನ ಊರಿಗೆ ಹೋಗಬೇಕು. ಕಾರು ಸಮಯಕ್ಕೆ ಸಾಲಿನಲ್ಲಿ ನಿಲ್ಲದಿದ್ದರೆ ಹಣವೂ ಇಲ್ಲ. ದಿನದ ವ್ಯಾಪಾರದಿಂದಲೇ ಮರುದಿನದ ಸರಕು ತರುವ ನಮ್ಮ ಸಣ್ಣ ಅಂಗಡಿಗಳ ಲೆಕ್ಕವೂ ಹೆಚ್ಚುಕಡಿಮೆ ಇದೇ.

ಆ ತಂಡದಲ್ಲಿ ಸ್ಟರ್ಲಿಂಗ್ ಮಾಸ್ ಎಂಬ ಹುಡುಗ ಕಾರು ಓಡಿಸುತ್ತಿದ್ದ. ಮುಂದೆ ಆತ ಜಗತ್ತಿನ ದೊಡ್ಡ ಸವಾರರಲ್ಲಿ ಒಬ್ಬನಾದ. 1954ರಲ್ಲಿ ಮಾಸ್‌ಗಾಗಿ ಮಸೆರಾಟಿ 250ಎಫ್ ಕಾರು ಕೊಂಡಾಗ ಅದನ್ನು ನೋಡಿಕೊಳ್ಳಲು ಫ್ರಾನ್ಸಿಸ್ ಅವರನ್ನೇ ಕರೆದರು. ಕಾರು ತಯಾರಾಗುವಾಗಲೇ ಅವರು ಇಟಲಿಯ ಮೊಡೆನಾಕ್ಕೆ ಹೋಗಿದ್ದರು. ಯಾವ ಬೋಲ್ಟು ಎಲ್ಲಿ ಕೂತಿದೆ ಎಂದು ಕಣ್ಣಾರೆ ನೋಡಿದವನಿಗೆ ನಡುರಾತ್ರಿ ಬಿಚ್ಚುವಾಗ ಕೈ ತಡವರಿಸುವುದಿಲ್ಲ.

1958ರ ಜನವರಿಯಲ್ಲಿ ಅರ್ಜೆಂಟೀನಾದಲ್ಲಿ ನಡೆದದ್ದು ಕೇಳಲೇಬೇಕಾದ ಸಂಗತಿ. ಆಗ ಫ್ರಾನ್ಸಿಸ್ ರಾಬ್ ವಾಕರ್ ಅವರ ಖಾಸಗಿ ತಂಡದಲ್ಲಿದ್ದರು. ಮಾಸ್‌ಗೆ ಕೊಟ್ಟದ್ದು ಪುಟ್ಟ ಕೂಪರ್ ಕಾರು, ಎಂಜಿನ್ ಸವಾರನ ಬೆನ್ನ ಹಿಂದೆ. ಎದುರಿಗೆ ಫೆರಾರಿಗಳು. ಕೂಪರಿನ ಒಂದೊಂದು ಚಕ್ರಕ್ಕೂ ನಾಲ್ಕು ನಟ್ಟು. ನಡುವೆ ನಿಲ್ಲಿಸಿ ಚಕ್ರ ಬದಲಿಸಿದರೆ ಬಹಳ ಹೊತ್ತು ಹಿಡಿದು ರೇಸೇ ಕೈತಪ್ಪುತ್ತದೆ. ಆದ್ದರಿಂದ ನಿಲ್ಲಿಸದೆ ಓಡಿಸುವುದೆಂದು ಠರಾಯಿಸಿದರು. ಆದರೆ ಫೆರಾರಿಯವರಿಗೆ ಅದು ಗೊತ್ತಾಗಬಾರದು. ಫ್ರಾನ್ಸಿಸ್ ಹೊಸ ಚಕ್ರಗಳನ್ನು ತಂದಿಟ್ಟು ಕಾರು ಈಗ ಬರುತ್ತದೆ ಎಂಬಂತೆ ಸಿದ್ಧರಾಗಿ ನಿಂತರು. ಕಾರು ಬರಲೇ ಇಲ್ಲ. ಟಯರು ಸವೆದು ನೂಲು ಕಾಣುವಷ್ಟಾದರೂ ಮಾಸ್ 2.7 ಸೆಕೆಂಡುಗಳ ಅಂತರದಲ್ಲಿ ಗೆದ್ದರು. ಫಾರ್ಮುಲಾ ವನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹಿಂದೆ ಎಂಜಿನ್ ಇರುವ ಕಾರು ಗೆದ್ದದ್ದು ಅದೇ ಮೊದಲು. ಕೆಲವೇ ವರ್ಷಗಳಲ್ಲಿ ಎಲ್ಲರ ಎಂಜಿನ್‌ಗಳೂ ಹಿಂದೆ ಹೋದವು.

ಇನ್ನೊಂದು ಘಟನೆ 1961ರ ಮೇ 14ರದ್ದು, ಮೊನಾಕೊ. ರೇಸು ಶುರುವಾಗಲು ಸ್ವಲ್ಪವೇ ಹೊತ್ತಿದೆ. ಮಾಸ್‌ನ ಲೋಟಸ್ ಕಾರಿನ ಚಾಸಿ ಕೊಳವೆಯಲ್ಲಿ ಬಿರುಕು ಕಂಡಿತು. ಟ್ಯಾಂಕಿನಲ್ಲಿ ಪೆಟ್ರೋಲು ತುಂಬಿದೆ. ಫ್ರಾನ್ಸಿಸ್ ಟ್ಯಾಂಕಿಗೆ ಒದ್ದೆ ಬಟ್ಟೆ ಸುತ್ತಿ ಅದರ ಪಕ್ಕದಲ್ಲೇ ವೆಲ್ಡಿಂಗ್ ಮಾಡಿದರು. ಆ ಕೊಳವೆಯ ಮೇಲೆ ಮಾಸ್ 100 ಸುತ್ತು ಓಡಿಸಿ, ತನಗಿಂತ ಹೆಚ್ಚು ಶಕ್ತಿಯ ಫೆರಾರಿಗಳನ್ನು ಹಿಂದೆ ಹಾಕಿ, 3.6 ಸೆಕೆಂಡುಗಳಲ್ಲಿ ಗೆದ್ದರು. ಗ್ಯಾಸ್ ವೆಲ್ಡಿಂಗ್ ಹಿಡಿದು ನೋಡಿದವರಿಗೆ ಆ ಕೆಲಸದ ಭಯ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಫ್ರಾನ್ಸಿಸ್ ತನ್ನ ಕೆಲಸದ ಕಥೆಯನ್ನು ಹೇಳಿ ಬರೆಸಿದರು. ಆ ಪುಸ್ತಕ 1957ರಲ್ಲಿ ಬಂತು. ನೂರಾರು ಮೆಕ್ಯಾನಿಕ್‌ಗಳ ನಡುವೆ ಅವರ ಹೆಸರು ನಮಗೆ ಗೊತ್ತಿರುವುದಕ್ಕೆ ಅದೂ ಒಂದು ಕಾರಣ.

ಕಾರು ಹಳತಾದ ಮೇಲೆ

ಇಟಲಿಯ ‘ಮಿಲ್ಲೆ ಮಿಲ್ಯಾ’ ಅಂದರೆ ಸಾವಿರ ಮೈಲಿ. 1927ರಿಂದ 1957ರವರೆಗೆ ಸಾಮಾನ್ಯ ರಸ್ತೆಗಳ ಮೇಲೆಯೇ 24 ಸಲ ಈ ರೇಸು ನಡೆಯಿತು. 1957ರ ದೊಡ್ಡ ಅಪಘಾತದಲ್ಲಿ ನೋಡಲು ಬಂದ ಜನರೂ ಮಕ್ಕಳೂ ಸತ್ತ ಮೇಲೆ ನಿಂತಿತು. 1977ರಿಂದ ಅದೇ ಹೆಸರಿನಲ್ಲಿ ಹಳೆಯ ಕಾರುಗಳ ಓಟ ಶುರುವಾಗಿ ಇಂದಿಗೂ ನಡೆಯುತ್ತಿದೆ. ಆ ಕಾರುಗಳ ಹಿಂದೆ ಈಗಲೂ ವ್ಯಾನುಗಳಲ್ಲಿ ಮೆಕ್ಯಾನಿಕ್‌ಗಳು ಹೋಗುತ್ತಾರೆ. ಹಿಂದೆ ವೇಗಕ್ಕಾಗಿ ತಿರುಗುತ್ತಿದ್ದ ಕಸುಬು ಈಗ ಹಳತನ್ನು ಉಳಿಸಲು ತಿರುಗುತ್ತಿದೆ.

ಈ ಕೆಲಸಕ್ಕೆ ಕಂಪ್ಯೂಟರ್ ಉಪಯೋಗಕ್ಕೆ ಬರುವುದಿಲ್ಲ. ಯುದ್ಧ ಮುಗಿದ ಹೊಸದರಲ್ಲಿ ಬಂದ ಎಂಜಿ ‘ಟಿಸಿ’ ಕಾರನ್ನೇ ನೋಡಿ. ಅದರ 1250 ಸಿಸಿ ಎಂಜಿನ್ನಿನ ಬೋಲ್ಟುಗಳ ತಲೆ ಇಂಗ್ಲಿಷ್ ವಿಟ್‌ವರ್ತ್ ಅಳತೆಯದು, ಆದರೆ ಮರೆ ಫ್ರೆಂಚ್ ಮೆಟ್ರಿಕ್ ಅಳತೆಯದು. ಯಾಕೆಂದರೆ ಮೊರಿಸ್ ಕಂಪೆನಿ 1923ರಲ್ಲಿ ಕೊಂಡ ಎಂಜಿನ್ ಕಾರ್ಖಾನೆ ಫ್ರಾನ್ಸಿನ ಹಾಚ್ಕಿಸ್ ಕಂಪೆನಿಯದ್ದಾಗಿತ್ತು. ಮರೆ ಕೊರೆಯುವ ಯಂತ್ರಗಳು ಫ್ರೆಂಚ್ ಅಳತೆಯವು, ಇಂಗ್ಲೆಂಡಿನ ಗ್ಯಾರೇಜುಗಳಲ್ಲಿ ಇದ್ದ ಸ್ಪ್ಯಾನರ್‌ಗಳು ಇಂಗ್ಲಿಷ್ ಅಳತೆಯವು. ಇದು ತಿಳಿಯದವನು ಹೊಸ ಬೋಲ್ಟು ತಿರುಗಿಸಿದರೆ ಎಂಜಿನ್ ಬ್ಲಾಕಿನ ಮರೆಯೇ ಹಾಳು. ಹಳೆಯ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತಂತಿ ಬಾಡಿಗೆ ಸೇರಿರುತ್ತದೆ, ಇಂದಿನದಕ್ಕೆ ತಲೆಕೆಳಗು. ತಂತಿ ಗಾಲಿಯ ನಡುವಿನ ದೊಡ್ಡ ನಟ್ಟಿನ ಮರೆ ಎಡಗಡೆ ಒಂದು ರೀತಿ, ಬಲಗಡೆ ಅದಕ್ಕೆ ವಿರುದ್ಧ.

1961ರಲ್ಲಿ ಬಂದ ಜಾಗ್ವಾರ್ ಇ–ಟೈಪ್‌ಗೆ ಮೂರು ಕಾರ್ಬುರೇಟರ್. ಮೂರೂ ಒಂದೇ ಸಮನೆ ಗಾಳಿ ಎಳೆಯಬೇಕು. ಒಂದು ರಬ್ಬರ್ ಕೊಳವೆಯ ಒಂದು ತುದಿ ಕಾರ್ಬುರೇಟರಿನ ಬಾಯಿಗೆ, ಇನ್ನೊಂದು ತುದಿ ನಮ್ಮ ಕಿವಿಗೆ. ಮೂರರ ಸದ್ದೂ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸಬೇಕು. ಡಿಪ್ಲೊಮಾದಲ್ಲಿ ನಾನು ಕಾರ್ಬುರೇಟರಿನ ಚಿತ್ರ ಬರೆದು ಮಾರ್ಕು ತೆಗೆದದ್ದುಂಟು. ಅದರ ಸದ್ದು ಕೇಳಲು ಕಲಿಸಿದ್ದು ಶಾರ್ಜಾದಲ್ಲಿ ನನ್ನ ಮೇಲಿದ್ದ ಹಿರಿಯ ಮೆಕ್ಯಾನಿಕ್, ಕುಂಬಳೆ ಕಡೆಯವರು, ಏಳನೇ ಕ್ಲಾಸು ಓದಿದವರು. ಅವರನ್ನು ನಾವೆಲ್ಲ ಕಾಕ ಎನ್ನುತ್ತಿದ್ದೆವು. ಜುಲೈ ತಿಂಗಳ ಸೆಕೆಗೆ ಪೆಟ್ರೋಲು ಕೊಳವೆಯೊಳಗೇ ಕುದಿದು ಆವಿಯಾಗಿ ಎಂಜಿನ್ ನಿಂತರೆ ಅವರು ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಸುಮ್ಮನೆ ಕೂರುತ್ತಿದ್ದರು. ‘ಗಾಡಿಗೂ ಉಸಿರು ಬಿಡಲು ಸ್ವಲ್ಪ ಸಮಯ ಕೊಡು’ ಎನ್ನುವುದು ಅವರ ಮಾತು.

ಕಾಕ ಊರಿಗೆ ಮರಳಿದ ಎರಡನೇ ವರ್ಷ ತೀರಿಕೊಂಡರು. ಯಾವ ಕಾರಿಗೆ ಎಷ್ಟು ಗ್ಯಾಪ್, ಯಾವ ಬೋಲ್ಟಿಗೆ ಯಾವ ಮರೆ ಎಂಬುದೆಲ್ಲ ಅವರ ತಲೆಯಲ್ಲೇ ಇತ್ತು. ನನ್ನಲ್ಲಿ ಉಳಿದದ್ದು ನಾನು ಬರೆದುಕೊಂಡಷ್ಟು. ಬರೆಯುವ ಅಭ್ಯಾಸ ನನಗೆ ಬಂದದ್ದು ಉಪ್ಪನ ಅಂಗಡಿಯಿಂದ. ಯಾರು ಏನು ಒಯ್ದರು, ಎಷ್ಟು ಬಾಕಿ ಎಂದು ಅವರು ಪ್ರತಿದಿನ ಪುಸ್ತಕದಲ್ಲಿ ಬರೆಯುತ್ತಿದ್ದರು. ಹಾಗೆಯೇ ನಾನು ಪ್ರತಿ ಕಾರಿಗೆ ಒಂದು ಪುಟ ಇಟ್ಟೆ. ಆ ಪುಸ್ತಕಗಳನ್ನು ಈಗ ಅದೇ ಗ್ಯಾರೇಜಿನ ಹೊಸ ಹುಡುಗರು ನೋಡಿ ಕೆಲಸ ಮಾಡುತ್ತಿದ್ದಾರೆ.

ನಮ್ಮ ಸಮುದಾಯದ ಚರಿತ್ರೆ ಎಂದಾಗ ವ್ಯಾಪಾರಿಗಳು, ಹಡಗಿನವರು, ಉಸ್ತಾದರು, ಕವಿಗಳ ಬಗ್ಗೆ ಬರಹಗಳು ಬಂದಿವೆ. ಬರಲೇಬೇಕು. ಮಂಜೇಶ್ವರದಿಂದ ಮಂಗಳೂರಿಗೆ ಓಡಿದ ಬಸ್ಸುಗಳ ಎಂಜಿನ್ ಬಿಚ್ಚಿದವರು ಯಾರು, ಗಲ್ಫಿನ ಗ್ಯಾರೇಜುಗಳಲ್ಲಿ ಮೊದಲು ಸ್ಪ್ಯಾನರ್ ಹಿಡಿದ ನಮ್ಮವರು ಯಾರು ಎಂಬುದು ಎಲ್ಲೂ ದಾಖಲಾಗಿಲ್ಲ. ಅವರಲ್ಲಿ ಹಲವರು ಇನ್ನೂ ನಮ್ಮ ಮನೆಗಳಲ್ಲೇ ಇದ್ದಾರೆ, ಅಸರ್ ನಮಾಝ್ ಮುಗಿಸಿ ಜಗಲಿಯಲ್ಲಿ ಕೂರುತ್ತಾರೆ. ಒಂದು ನೋಟ್ ಪುಸ್ತಕ ಹಿಡಿದು ಹತ್ತಿರ ಕೂತು ಮೂರು ಪ್ರಶ್ನೆ ಕೇಳಿದರೆ ಸಾಕು: ಕೆಲಸ ಯಾರಿಂದ ಕಲಿತಿರಿ? ಮೊದಲು ಬಿಚ್ಚಿದ ಗಾಡಿ ಯಾವುದು? ಯಾರಿಗೆ ಕಲಿಸಿದಿರಿ? ಉತ್ತರದ ಜೊತೆ ತಾರೀಕು ಮತ್ತು ಊರಿನ ಹೆಸರು ಬರೆಯಲು ಮರೆಯಬೇಡಿ. ಬ್ಯಾರಿಯಲ್ಲಿ ಹೇಳಿದರೆ ಬ್ಯಾರಿಯಲ್ಲೇ ಬರೆದುಕೊಳ್ಳಿ.