ಕೆಳಗಿಂದ ಬಿಚ್ಚು

ನಮ್ಮ ಕಡೆ ಗದ್ದೆಗೆ ನೀರು ಹಾಕುತ್ತೇವೆ ಅನ್ನುವುದಿಲ್ಲ, ನೀರು ಕಟ್ಟುತ್ತೇವೆ ಅನ್ನುತ್ತೇವೆ. ಕಟ್ಟಿದ್ದನ್ನು ಬಿಚ್ಚಬೇಕು ಅನ್ನುವುದು ಆ ಮಾತಿನಲ್ಲೇ ಇದೆ. ನಮ್ಮ ತಾತ ಹೊಳೆನರಸೀಪುರ ಸೀಮೆಯವರು. ಹೇಮಾವತಿಗೆ ಅಡ್ಡ ಕಟ್ಟಿದ ಶ್ರೀರಾಮದೇವರ ಕಟ್ಟೆಯ ನಾಲೆ ಬಯಲಲ್ಲಿ ನೀರಗಂಟಿಯಾಗಿದ್ದರು. ನಾನು ಚನ್ನರಾಯಪಟ್ಟಣದ ಹತ್ತಿರ ಟೊಮೆಟೊ, ಮೆಣಸಿನಕಾಯಿ, ಕೋಸಿನ ಸಸಿ ಬೆಳೆಸಿ ಮಾರುತ್ತೇನೆ. ಮಣ್ಣಿಲ್ಲದ ಸಸಿ ಮಡಿ ನನ್ನದು. ಎಂಟಡಿ ಉದ್ದ, ನಾಲ್ಕಡಿ ಅಗಲದ ಆರು ಮೇಜು, ಅವುಗಳ ಮೇಲೆ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳು, ಕೆಳಗೆ 500 ಲೀಟರಿನ ತೊಟ್ಟಿ. ಪಂಪು ಗೊಬ್ಬರದ ನೀರನ್ನು ಮೇಜಿಗೆ ಹತ್ತಿಸುತ್ತದೆ. ಹತ್ತು ನಿಮಿಷ ನಿಂತ ನೀರು ಇಳಿದು ತೊಟ್ಟಿಗೇ ವಾಪಸು ಬರುತ್ತದೆ. ನೀರು ಇಳಿಯುವಾಗ ಬೇರಿನ ಸಂದಿಗೆ ಹೊಸ ಗಾಳಿ ನುಗ್ಗುತ್ತದೆ. ಸಸಿ ಬದುಕುವುದು ನೀರು ಹತ್ತುವುದರಿಂದ ಎಷ್ಟೋ, ಇಳಿಯುವುದರಿಂದಲೂ ಅಷ್ಟೇ.

ಇದನ್ನು ಅಮೆರಿಕದ ವಿದ್ಯೆ ಅನ್ನುತ್ತಾರೆ, ಅದೂ ನಿಜ. ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಗೆರಿಕೆ ಮಣ್ಣಿಲ್ಲದೆ ಟೊಮೆಟೊ ಬೆಳೆದು, 1937ರಲ್ಲಿ ಆ ಬೇಸಾಯಕ್ಕೆ ‘ಹೈಡ್ರೋಪೋನಿಕ್ಸ್’ ಎಂಬ ಹೆಸರನ್ನು ಬಳಕೆಗೆ ತಂದರು. ಜಲ್ಲಿ ತುಂಬಿದ ತೊಟ್ಟಿಗೆ ಕೆಳಗಿನಿಂದ ನೀರು ಹತ್ತಿಸಿ ಇಳಿಸುವ ಪದ್ಧತಿಯನ್ನು ಅದೇ ದಶಕದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ರಾಬರ್ಟ್ ವಿತ್ರೋ ಮತ್ತು ಜೊತೆಯವರು ಬೆಳೆಸಿದರು. 1945ರಲ್ಲಿ ಅಟ್ಲಾಂಟಿಕ್ ಸಾಗರದ ಅಸೆನ್ಷನ್ ದ್ವೀಪದ ಬರಡು ಕಲ್ಲಿನ ಮೇಲೆ ಅಮೆರಿಕದ ಸೇನೆ ಹೀಗೇ ತರಕಾರಿ ಬೆಳೆಯಿತು. ಮರುವರ್ಷ ಬಂಗಾಳದ ಕಾಲಿಂಪಾಂಗ್‌ನಲ್ಲಿ ಶೋಲ್ಟೋ ಡಗ್ಲಾಸ್ ಬಡವರ ಕೈಗೆಟಕುವ ಮಾದರಿಯ ಕೆಲಸ ಶುರು ಮಾಡಿದರು. ಅವರೆಲ್ಲರಿಗೂ ನಾನು ಋಣಿ. ಆದರೆ ನನ್ನ ಆರು ಮೇಜು ಸರಿಯಾಗಿ ನಡೆಯುತ್ತಿರುವುದು ತಾತನ ಒಂದು ಮಾತಿನಿಂದ. ಅದನ್ನು ಹೇಳುವ ಮೊದಲು ಅವರ ಕೆಲಸದ ಬಗ್ಗೆ ಹೇಳಬೇಕು.

ಹಾಸನ ಜಿಲ್ಲೆಯ ಈ ಭಾಗದಲ್ಲಿ ನೀರಿಗೆ ಎರಡು ದಾರಿ. ಹೊಳೆನರಸೀಪುರ, ಅರಕಲಗೂಡು ನಾಲೆಯ ಸೀಮೆ. ಹೇಮಾವತಿಗೆ ಶ್ರೀರಾಮದೇವರ ಕಟ್ಟೆ, ಕಾವೇರಿಗೆ ಕಟ್ಟೇಪುರದ ಅಣೆ. ರಾಜಮುಡಿ ಭತ್ತ ಹೆಸರು ಮಾಡಿದ್ದು ಈ ಬಯಲುಗಳಲ್ಲಿ. ಚನ್ನರಾಯಪಟ್ಟಣ ಕೆರೆಯ ಸೀಮೆ, ಮಳೆ ಕಡಿಮೆ. ಅಲ್ಲಿನ ಶ್ರವಣಬೆಳಗೊಳದ ಹೆಸರೇ ಬಿಳಿಯ ಕೊಳದಿಂದ ಬಂದದ್ದು. ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವರಿಗೆ, ಕೆರೆ ಕಾಯುವ ಕೆಲಸಕ್ಕೆ ಬಿಟ್ಟ ಭೂಮಿ, ಆದಾಯ ಅವು. ನೀರು ಕಾಯುವುದಕ್ಕೆ ಸಂಬಳ ಬೇಕು ಎಂದು ಈ ನಾಡು ಬಹಳ ಹಿಂದೆಯೇ ತಿಳಿದಿತ್ತು.

ಆ ಸಾಲಿನಲ್ಲಿ ಬಂದವನು ನೀರಗಂಟಿ. ಊರಿನ ಆಯಗಾರರಲ್ಲಿ ಒಬ್ಬ. ಕೆರೆಯಿದ್ದಲ್ಲಿ ತೂಬು ಎತ್ತುವುದು, ನಾಲೆಯಿದ್ದಲ್ಲಿ ಕಂಡಿ ತಿರುಗಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಸರದಿ ನಡೆಸುವುದು ಅವನ ಪಾಲಿಗೆ. ಸುಗ್ಗಿಯಲ್ಲಿ ಕಣದಿಂದ ಆಯದ ಭತ್ತ, ಜೊತೆಗೆ ತುಂಡು ಇನಾಮು ಜಮೀನು. ನೀರಗಂಟಿಕೆ ಬಹಳ ಊರುಗಳಲ್ಲಿ ಕೇರಿಯವರ ಮನೆಗಳಲ್ಲಿತ್ತು, ನಮ್ಮ ಮನೆಯಲ್ಲೂ. ಬಯಲಲ್ಲಿ ಸ್ವಂತ ಗದ್ದೆ ಇಲ್ಲದವನು ಪಕ್ಷಪಾತ ಮಾಡುವುದಿಲ್ಲ, ಅದಕ್ಕೇ ಹಾಗೆ ಮಾಡಿದ್ದರು ಎಂದು ಹೊಗಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಇಡೀ ಬಯಲಿಗೆ ನೀರು ಹಂಚಿದ ತಾತ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಆ ವಿದ್ಯೆ ದೊಡ್ಡದು, ಅದನ್ನು ಇಟ್ಟಿದ್ದ ಕಟ್ಟು ಕೆಟ್ಟದ್ದು. ಎರಡನ್ನೂ ಹೇಳದಿದ್ದರೆ ಚರಿತ್ರೆ ಪೂರ್ತಿಯಾಗುವುದಿಲ್ಲ.

ಒಟ್ಟಲು ಹಾಕಿದ ದಿನಗಳಲ್ಲಿ ತಾತನಿಗೆ ನಿದ್ದೆ ಇರುತ್ತಿರಲಿಲ್ಲವಂತೆ. ಮೊಳಕೆ ಭತ್ತ ಚೆಲ್ಲಿದ ಕೆಸರು ಪಾತಿಗೆ ಸಂಜೆ ತೆಳ್ಳಗೆ ನೀರು ಕಟ್ಟುವುದು, ಬೆಳಿಗ್ಗೆ ಬಸಿಯುವುದು. ಬಸಿಯದೆ ಬಿಟ್ಟರೆ ಮೊಳಕೆ ಉಸಿರು ಕಟ್ಟಿ ಕೊಳೆಯುತ್ತದೆ. ನಾನು ಹುಡುಗಿಯಾಗಿದ್ದಾಗ ಒಂದು ಬೆಳಿಗ್ಗೆ ಪಾತಿಯ ಅಂಚಿನಲ್ಲಿ ಅವರು ಹಿಮ್ಮಡಿ ಒತ್ತಿ ತೆಗೆದು ತೋರಿಸಿದ್ದು ಕಣ್ಣಿಗೆ ಕಟ್ಟಿದೆ. ಹಿಮ್ಮಡಿಯ ಗುಳಿ ಕೂಡಲೇ ತುಂಬಿಕೊಂಡರೆ ಇನ್ನೂ ಬಸಿಯಬೇಕು. ತಳದಲ್ಲಿ ಬೆವರಿನಂತೆ ಮಿನುಗಿ ಸುಮ್ಮನಾದರೆ ಸಾಕು, ಕಂಡಿ ಮುಚ್ಚು. ನಾಟಿ ಆದ ಮೇಲೂ ಇದೇ ಲೆಕ್ಕ. ಗೊಬ್ಬರ ಎರಚುವ ಮುಂಚೆ ನೀರು ಬಸಿ, ಕೊಯ್ಲಿಗೆ ಹತ್ತು ದಿನ ಇರುವಾಗ ಪೂರಾ ಬಸಿ.

ಮೆಟ್ಟಿಲು ಗದ್ದೆಗಳಲ್ಲಿ ಬಸಿಯುವುದಕ್ಕೆ ಒಂದು ಕ್ರಮವಿದೆ. ಮೇಲಿನ ಕಂಡಿ ಮೊದಲು ತೆಗೆದರೆ ಅಷ್ಟೂ ನೀರು ತುಂಬಿದ ಗದ್ದೆಯ ಮೇಲೇ ಬಿದ್ದು, ಕೆಳಗಿನವನ ತೆವರಿ ಕಿತ್ತು ಹೋಗುತ್ತದೆ. ‘ಕೆಳಗಿಂದ ಬಿಚ್ಚು’ ಅನ್ನುತ್ತಿದ್ದರು ತಾತ. ಕೊನೇ ಗದ್ದೆ ಮೊದಲು, ಅದು ಅರ್ಧ ಇಳಿದ ಮೇಲೆ ಅದರ ಮೇಲಿನದು, ಹಾಗೇ ಹತ್ತುತ್ತಾ ಹೋಗಬೇಕು.

ನಾನು ಮೇಜು ಹಾಕಿದ ವರ್ಷ ಈ ಮಾತು ಮರೆತಿದ್ದೆ. ಐದು ಸೆಂಟಿಮೀಟರ್ ನೀರು ನಿಲ್ಲಿಸಲು ಒಂದು ಮೇಜಿಗೆ ಸುಮಾರು 150 ಲೀಟರ್ ಬೇಕು, ಆರಕ್ಕೆ 900. ತೊಟ್ಟಿ 500ರದು. ಎಲ್ಲಕ್ಕೂ ಒಟ್ಟಿಗೆ ಸಾಲದು ಎಂದು ಗೊತ್ತಿದ್ದೂ ತೆಳ್ಳಗೆ ಹತ್ತಿಸಿದರಾಯಿತು ಎಂದು ಆರೂ ವಾಲ್ವ್ ತೆರೆದೆ. ಕೊನೆಯ ಎರಡು ಮೇಜಿನ ಟ್ರೇಗಳ ತಳವೇ ನೆನೆಯಲಿಲ್ಲ. ಮಾರನೆಯ ದಿನ ಸರದಿಯಲ್ಲಿ ತುಂಬಿಸಿ, ನಡುವೆ ತೊಟ್ಟಿಗೆ ನೀರು ಸೇರಿಸಿ, ಆರನ್ನೂ ಒಟ್ಟಿಗೆ ಇಳಿಸಲು ಹೋದೆ. ಎಲ್ಲ ಮೇಜಿನ ನೀರು ಒಂದೇ ಎರಡಿಂಚಿನ ಪೈಪಿಗೆ ಬರುತ್ತಿತ್ತು. ನೆಲ ಒಂದಿಂಚು ವಾಟವಾಗಿತ್ತು. ಪೈಪು ಹೊರಲಾರದೆ ನೀರು ಹಿಂದಕ್ಕೆ ಒತ್ತಿ, ಎಲ್ಲಕ್ಕಿಂತ ತಗ್ಗಿನ ಮೇಜಿನಲ್ಲಿ ಉಕ್ಕಿತು. ಟೊಮೆಟೊ ಟ್ರೇಗಳು ತೇಲಿ, ವಾಲಿ, ಹನ್ನೆರಡು ದಿನದ ಸಸಿ ನೆಲಕ್ಕೆ ಚೆಲ್ಲಿದವು. ಬೆಳ್ಳಗಿನ ಎಳೆ ಬೇರುಗಳನ್ನು ಆಯ್ದುಕೊಳ್ಳುತ್ತಾ ಕೂತಾಗ ತಾತನ ಮಾತು ನೆನಪಾಯಿತು.

ಗಾರೆಯವರ ನೀರು ಪೈಪು ಹಿಡಿದು ಆರೂ ಮೇಜನ್ನು ಮಟ್ಟ ಮಾಡಿಸಿದೆ. ಪ್ರತಿ ಮೇಜಿಗೂ ಐದು ಸೆಂಟಿಮೀಟರ್ ಎತ್ತರಕ್ಕೆ ಒಂದು ನಿಲುವು ಕೊಳವೆ ಇಟ್ಟೆ. ಅದಕ್ಕಿಂತ ಮೇಲೆ ಬಂದ ನೀರು ತಾನೇ ಇಳಿಯುತ್ತದೆ, ಕೆರೆಯ ಕೋಡಿಯ ಹಾಗೆ. ಈಗ ಎರಡೆರಡು ಮೇಜಿಗೆ ಸರದಿ. ಇಳಿಸುವುದು ತೊಟ್ಟಿಯ ಹತ್ತಿರದ್ದರಿಂದ ಶುರು. ತುಂಬಿಸುವಾಗ ದೂರದ ಮೇಜಿಗೆ ಮೊದಲ ಪಾಳಿ. ಒಂದೇ ನೀರು ಎಲ್ಲ ಮೇಜಿಗೂ ಹೋಗುವುದರಿಂದ ಒಂದರ ಬೇರು ಕೊಳೆ ಆರಕ್ಕೂ ಹರಡುತ್ತದೆ, ಆ ಭಯ ಇದ್ದೇ ಇದೆ. ಗದ್ದೆಯಿಂದ ಗದ್ದೆಗೆ ಹರಿಯುವ ನೀರಿನಲ್ಲಿ ಮೇಲಿನವನ ಗೊಬ್ಬರ, ಕಳೆಬೀಜ ಕೆಳಗಿನವನಿಗೆ ಬರುತ್ತಿದ್ದ ಹಾಗೆ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ನೀರಗಂಟಿಕೆ ಹೋಯಿತು. ಹೋಗಬೇಕಾದ್ದೇ. 1979ರಲ್ಲಿ ಗೊರೂರಿನಲ್ಲಿ ಹೇಮಾವತಿಗೆ ದೊಡ್ಡ ಅಣೆಕಟ್ಟು ಮುಗಿಯಿತು, 37 ಟಿಎಂಸಿಯ ಜಲಾಶಯ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು-ನವಿಲೆ ಸುರಂಗದಲ್ಲಿ ಆ ನೀರು ತುಮಕೂರಿನತ್ತ ಹರಿಯುತ್ತದೆ. ನೀರಗಂಟಿ ಎಂಬ ಹೆಸರು ಇಲಾಖೆಯ ಕೂಲಿ ನೌಕರರಿಗೆ ಉಳಿದಿದೆ. ನಾಲೆಯ ಗೇಟು ಎತ್ತುವುದು ಅವರ ಕೆಲಸ. ಯಾರ ಗದ್ದೆ ಯಾವಾಗ ಬಸಿಯಬೇಕು ಎಂದು ನೋಡುವವರು ಈಗ ಯಾರೂ ಇಲ್ಲ. ನಾಲೆಯ ಕೊನೆಯಲ್ಲಿರುವವರ ದೂರು ವರ್ಷವೂ ಇದೆ.

1963ರಲ್ಲಿ ಇಪ್ಪತ್ತರ ಹರೆಯದಲ್ಲಿ ಅಪ್ಪನ ಜೊತೆ ಕಂಡಿ ತಿರುಗಿಸಿದವರಿಗೆ ಈಗ ಎಂಬತ್ತು ದಾಟಿದೆ. ನಿಮ್ಮ ಊರ ಕೇರಿಯಲ್ಲಿ ಅಂಥವರೊಬ್ಬರು ಇದ್ದರೆ ಈ ಸುಗ್ಗಿಯೊಳಗೆ ಹೋಗಿ ಕೂತು ಕೇಳಿ. ಯಾವ ಗದ್ದೆಗೆ ಎಷ್ಟು ಹೊತ್ತು, ಯಾವ ಕಂಡಿ ಮೊದಲು, ತಮಗೆ ಬರಬೇಕಾದ ಆಯ ಬಂತೇ ಇಲ್ಲವೇ, ಎಲ್ಲವನ್ನೂ ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.